ಅವಳು ನಿಮಗೆ ಏನಾಗಬೇಕು

ತಂಗಿ ತೀರಿಕೊಂಡ ಸುದ್ದಿ ಬಂದಾಗ ನಾನು ಬೆಳಗಿನ ಪ್ರಾರ್ಥನೆಗೆ ಕೂತಿದ್ದೆ. ಫೋನಿನಲ್ಲಿ ಅವಳ ಗಂಡ, "ಭಾವ, ನಿದ್ದೇಲೇ ಹೋಗ್ಬಿಟ್ಲು" ಎಂದರು. ಆಮೇಲೆ ಫೋನು ಇಡುವುದಕ್ಕೂ ಇಬ್ಬರಿಗೂ ತೋಚಲಿಲ್ಲ. ಅರ್ಧಕ್ಕೆ ನಿಂತ ಪ್ರಾರ್ಥನೆ ಅಂದು ಮುಗಿಯಲೇ ಇಲ್ಲ.

ಗಾತ್ರ ಚಿಕ್ಕದು, ಮಾತು ಚುರುಕು. ಹಾಗಾಗಿ ಚಿಕ್ಕಂದಿನಿಂದ ಅವಳಿಗೆ ಮೆಣಸು ಎಂದೇ ಹೆಸರು. ತಲೆ ನರೆತರೂ ಹೆಸರು ಬಿಡಲಿಲ್ಲ. ಒಮ್ಮೆ ಅವಳ ಆಫೀಸಿಗೆ ಫೋನು ಮಾಡಿ "ಮೆಣಸು ಇದಾಳಾ?" ಎಂದು ಕೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆ ಆಫೀಸಿನವರದು ಮನೆಮನೆಯ ಫೋಟೋ, ಧ್ವನಿಮುದ್ರಿಕೆ, ಮನೆಯ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಡುವ ಕೆಲಸ. ಒಬ್ಬೊಬ್ಬರ ಸಾಮಾನಿಗೂ ಒಂದೊಂದು ಪೆಟ್ಟಿಗೆ ಎಂದು ಅವರ ಲೆಕ್ಕ. ಮೊದಲೆಲ್ಲ ಯಾವ ಪೆಟ್ಟಿಗೆಯನ್ನು ಯಾರು ತೆರೆಯಬಹುದು ಎಂದು ಒಂದೊಂದಕ್ಕೂ ಹೆಸರು ಸೇರಿಸಬೇಕಿತ್ತು. ಮನೆಗೆ ಸೊಸೆ ಬಂದರೆ ಇದ್ದಬದ್ದ ಪೆಟ್ಟಿಗೆಗಳಿಗೆಲ್ಲ ಅವಳ ಹೆಸರು ಸೇರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅದನ್ನು ಬದಲಾಯಿಸುವುದೇ ಮೆಣಸಿನ ಕೊನೆಯ ಕೆಲಸವಾಯಿತು.

"ಹೆಸರು ಅಂಟಿಸೋದು ಇನ್ನು ಸಾಕು ಅಣ್ಣ" ಎಂದಿದ್ದಳು. "ಯಾರಿಗೆ ಯಾರು ಏನಾಗಬೇಕು ಅಂತ ಒಂದು ಸಲ ಹೇಳ್ಬಿಟ್ರೆ ಆಯ್ತು. ಯಾರಿಗೆ ಯಾವ ಪೆಟ್ಟಿಗೆ ತೆಗೀಬೇಕು ಅಂತ ಅದೇ ನೋಡ್ಕೊಳ್ಳುತ್ತೆ."

"ನಮ್ಮ ಸೋದರತ್ತೆ ಅದನ್ನೇ ಅಲ್ವೇನೆ ಮಾಡ್ತಿದ್ದಿದ್ದು? ಬಾಗಿಲಲ್ಲಿ ನಿಲ್ಲಿಸಿ, ನೀನು ಯಾರ ಕಡೆಯೋನಪ್ಪಾ ಅಂತ ಕೇಳಿ ತಾನೇ ಒಳಗೆ ಬಿಡ್ತಿದ್ದಿದ್ದು."

"ಹೂಂ, ಅತ್ತೇನ ಕಂಪ್ಯೂಟರೊಳಗೆ ಕೂರಿಸ್ತಿದೀನಿ ಅಂದ್ಕೋ."

ಪರೀಕ್ಷೆಗೆಂದು ಮೊದಲು ನಮ್ಮ ಮನೆಯವರನ್ನೇ ಹೊಸದಕ್ಕೆ ಸೇರಿಸಿದಳು. ಭಾನುವಾರ ಬಂತೆಂದರೆ ಇದೇ ಚರ್ಚೆ. ಷಡ್ಡಕನಿಗೆ ಮದುವೆಯ ಫೋಟೋ ಸಾಕು, ಮನೆಯ ಪತ್ರ ಬೇಡ ಎಂದು ನಾನು. "ನಿನ್ನ ಷಡ್ಡಕನಿಗೆ ಫೋಟೋನೂ ಬೇಡ. ಒಂದೊಂದಕ್ಕೂ ಕೊಂಕು ತೆಗೀತಾನೆ" ಎಂದು ಅವಳು.

ಅಂತ್ಯಕ್ರಿಯೆ ಮುಗಿಯಿತು. ಶನಿವಾರ ಸಂಜೆ ಮನೆಯವರೆಲ್ಲ ಅವಳ ಮನೆಯಲ್ಲಿ ಸೇರಿ ಅವಳಿಗಾಗಿ ಪ್ರಾರ್ಥಿಸುವುದೆಂದಾಯಿತು. ನಮ್ಮ ಅಮ್ಮ ಹೋದವರಿಗಾಗಿ ಒಂದು ಪ್ರಾರ್ಥನೆ ಹೇಳುತ್ತಿದ್ದಳು. ನನಗೆ ಅದರ ಮೊದಲು ಬರುತ್ತದೆ, ಕೊನೆ ಬರುತ್ತದೆ, ನಡುವೆ ತಪ್ಪುತ್ತೇನೆ. ಅಲ್ಲಿ ಯಾವಾಗಲೂ ಮೆಣಸು ಎತ್ತಿಕೊಡುತ್ತಿದ್ದಳು. ಅಮ್ಮನ ದನಿಯಲ್ಲಿ ಅದು ಉಳಿದಿದ್ದುದು ಮೆಣಸಿನ ಪೆಟ್ಟಿಗೆಯಲ್ಲಿ ಮಾತ್ರ. ತೆರೆಯಲು ಹೋದರೆ, 'ಈ ಪೆಟ್ಟಿಗೆ ತೆರೆಯಲು ನಿಮಗೆ ಅನುಮತಿ ಇಲ್ಲ' ಎಂದು ಬಂತು.

ಅವಳ ಗಂಡನೂ ತಮ್ಮ ಫೋನಿನಲ್ಲಿ ನೋಡಿದರು. "ನನಗೂ ಹಾಗೇ ಅನ್ನುತ್ತೆ ಭಾವ. ಇಷ್ಟು ವರ್ಷ ಬೈಸಿಕೊಂಡು ಬಾಳಿದೀನಿ, ಈಗ ನಾನು ಯಾರೂ ಅಲ್ವಂತೆ" ಎಂದು ನಗಲು ಹೋಗಿ ಮುಖ ತಿರುಗಿಸಿಕೊಂಡರು.

ಶನಿವಾರ ಮಧ್ಯಾಹ್ನ ಮೆಣಸಿನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು, ಆಫೀಸಿನ ಮೇಜಿನ ಮೇಲೆ ಉಳಿದಿದ್ದ ಅವಳ ಶಾಲು, ಟೀ ಲೋಟ ತಂದುಕೊಟ್ಟಳು.

"ನಮ್ಮಣ್ಣ ಹಂಗಂತಾನೆ, ನಮ್ಮಣ್ಣ ಹಿಂಗಂತಾನೆ ಅಂತ ಅಕ್ಕನ ಬಾಯಲ್ಲಿ ದಿನಾ ಕೇಳಿದೀನಿ. ನಿಮ್ಮನ್ನ ಸರ್ ಅನ್ನೋಕೆ ನಾಲಗೆ ಹೊರಳ್ತಿಲ್ಲ. ಅಣ್ಣ ಅನ್ಲಾ?"

"ಅನ್ನಮ್ಮ. ಅನ್ನೋರು ಇನ್ಯಾರಿದಾರೆ."

ಪೆಟ್ಟಿಗೆಯ ವಿಷಯ ಕೇಳುತ್ತಲೇ ಅವಳ ಮುಖ ಕಪ್ಪಿಟ್ಟಿತು.

"ತಪ್ಪು ನಮ್ದೇ ಅಣ್ಣ. ಯಾರಾದ್ರೂ ತೀರ್ಕೊಂಡ್ರೆ ಅವರ ಖಾತೆ ಅಳಿಸೋದು ಹಳೇ ರೂಢಿ. ಆಗ ಒಂದು ಹೆಸರು ಹೋಗ್ತಿತ್ತು, ಅಷ್ಟೇ. ಈಗ ಪೆಟ್ಟಿಗೆ ಅಕ್ಕಂದು, ನೀವು ಅಕ್ಕನ ಅಣ್ಣ ಅಂತ ನಿಮಗೆ ತೆರೀತಿತ್ತು. ಅಕ್ಕನ್ನೇ ಅಳಿಸಿದ್ರೆ ನೀವೆಲ್ಲ ದಾರೀಲಿ ಹೋಗೋರು."

"ಎಲ್ಲರ ಮನೇಲೂ ಹೀಗೇ ಆಗುತ್ತಾ?"

"ಸೋಮವಾರ ಎಲ್ಲರನ್ನೂ ಹೊಸದಕ್ಕೆ ಬದಲಾಯಿಸ್ತೀವಿ. ಆಮೇಲೆ ಯಾರ ಮನೇಲಿ ಯಾರು ಹೋದ್ರೂ ಹೀಗೇ." ದನಿ ತಗ್ಗಿಸಿದಳು. "ಆ ಧ್ವನಿ ಒಂದನ್ನ ನಾನು ಹಿಂದಿನ ಬಾಗಿಲಿಂದ ತೆಗೆದುಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಹೂಂ ಎನ್ನಲು ಬಾಯಿ ತೆರೆದಿದ್ದೆ. ಸಂಜೆಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದು ದೇವರೇ ಬಲ್ಲ. ಆದರೆ ಅವಳು ಮನೆಯಲ್ಲಿ ಕೆಲಸಕ್ಕೆ ಕೂರುತ್ತಿದ್ದ ಮೇಜಿನ ಕೆಳಗೆ ಮೆಣಸಿನ ಪುಟ್ಟ ಮಣೆ ಕಾಣಿಸಿತು. ಕುರ್ಚಿಯ ಮೇಲೆ ಕೂತರೆ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವೆಂದು ಇಟ್ಟದ್ದು.

"ಬೇಡಮ್ಮ. ಹಿಂದಿನ ಬಾಗಿಲು ಅಂದ್ರೆ ಅವಳು ಕೆಂಡ ಆಗ್ತಿದ್ಲು. ನಮಗೇನೋ ನೀನು ಬಂದೆ. ಬೇರೆ ಮನೆಗಳಿಗೆ ಯಾರು ಹೋಗ್ತಾರೆ?"

"ಅಕ್ಕ ಮೀಟಿಂಗಲ್ಲಿ ಇದನ್ನೇ ಎತ್ತಿದ್ರು ಅಣ್ಣ. ಇಲ್ಲದೋರನ್ನ ಇಟ್ಕೊಂಡು ಏನ್ರೀ ಮಾಡ್ತೀರಾ ಅಂದ್ರು ಮ್ಯಾನೇಜರು. ನಮ್ಮಣ್ಣನ್ನ ಕೇಳಿ ಹೇಳ್ತೀನಿ ಅಂದಿದ್ರು. ಕೇಳಿದ್ರಾ?"

"ಇಲ್ವಲ್ಲಮ್ಮ."

"ಹಾಗಾದ್ರೆ ನಾನೇ ಕೇಳ್ತೀನಿ. ಅಕ್ಕ ಈಗ ನಿಮಗೆ ಏನಾಗಬೇಕು?"

"ತಂಗಿ" ಎಂದೆ. ಬೇರೇನು ಹೇಳಲಿ?

ಅಡುಗೆಮನೆಯ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಮೆಣಸಿನ ಗಂಡ, "ಹೆಂಡತಿ" ಎಂದರು, ತಮ್ಮನ್ನೂ ಕೇಳಿದ್ದಾರೆ ಎನ್ನುವಂತೆ.

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಚೀಲದಿಂದ ಲ್ಯಾಪ್‌ಟಾಪು ತೆಗೆದಳು. ಮೆಣಸಿನ ಕುರ್ಚಿಯ ಮುಂದೆ ಹಿಂಜರಿದು ನಿಂತಳು. "ಕೂತ್ಕೊಳ್ಳಮ್ಮ, ಕೆಲಸ ಮಾಡೋರಿಗೇ ಆ ಕುರ್ಚಿ" ಎಂದರು ಗಂಡ. ಕೂತು, ಮ್ಯಾನೇಜರಿಗೆ ಫೋನು ಮಾಡಿದಳು.

"ಸರ್, ಹೋದವರ ಖಾತೆ ಅಳಿಸೋದು ಬೇಡ, ಅದಕ್ಕೆ ಬೀಗ ಹಾಕೋಣ. ನಂಟು ಮಾತ್ರ ಹಾಗೇ ಇರಲಿ. ಅದನ್ನ ಬಿಡಿಸೋದಿದ್ರೆ ಬದುಕಿರುವಾಗ ಅವರವರೇ ಬಿಡಿಸ್ಕೊಳ್ಳಲಿ, ಸಾವು ಬಿಡಿಸೋದು ಬೇಡ." ಆ ಕಡೆಯಿಂದ ಬಹಳ ಮಾತು ಬಂತು. ಎಲ್ಲ ಕೇಳಿಸಿಕೊಂಡು, "ಸರ್, ನಿಮ್ಮ ಮದುವೆ ಫೋಟೋ ಯಾರ ಪೆಟ್ಟಿಗೇಲಿದೆ?" ಎಂದಳು. ಆ ಕಡೆಯಿಂದ "ಅಮ್ಮನ ಪೆಟ್ಟಿಗೇಲಿ... ಸರಿ, ಹಾಗೇ ಮಾಡಿ" ಎಂದದ್ದು ನನಗೂ ಕೇಳಿಸಿತು.

ಅಳಿಸಿದ್ದ ಮೆಣಸಿನ ಖಾತೆಯನ್ನು ಅವಳು ಮತ್ತೆ ಸೇರಿಸುವಷ್ಟರಲ್ಲಿ ನನ್ನ ಟೀ ಆರಿಹೋಯಿತು. ಕುಡಿಯಬೇಕೆಂಬ ನೆನಪೂ ಇರಲಿಲ್ಲ. ಮನೆಯವರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಷಡ್ಡಕನೂ ಬಂದು, ಅಪರೂಪಕ್ಕೆ ಸುಮ್ಮನೆ ಕೂತ.

"ಈಗ ನೋಡಿ ಅಣ್ಣ" ಎಂದಳು ಅವಳು.

ಪೆಟ್ಟಿಗೆ ತೆರೆಯಿತು. ಅಮ್ಮನ ದನಿಗೆ ಮೊದಲು ಮೆಣಸಿನ ದನಿ ಬಂತು: "ನಿಧಾನವಾಗಿ ಹೇಳಮ್ಮ. ಅಣ್ಣ ನಡುವೆ ಮರೀತಾನೆ, ಅವನಿಗೋಸ್ಕರಾನೇ ಇಟ್ಕೊಳ್ತಿರೋದು." ಆಮೇಲೆ ಅಮ್ಮ ಶುರುಮಾಡಿದಳು. ನಾವೆಲ್ಲ ಅವಳ ಹಿಂದೆ ಹೇಳಿದೆವು. ಆ ಸಂಜೆ ನಾನು ಎಲ್ಲಿಯೂ ತಪ್ಪಲಿಲ್ಲ.

ಅದು ಮುಗಿದ ಮೇಲೆ ನನ್ನದೇ ಮಾತಿನಲ್ಲಿ ಇಷ್ಟು ಸೇರಿಸಿದೆ: ದೇವರೇ, ನಿನ್ನ ಬಾಗಿಲಲ್ಲಿ ಅವಳನ್ನು ಯಾರೂ ತಡೆದು ನಿಲ್ಲಿಸದಿರಲಿ. ಯಾರ ಕಡೆಯವಳೆಂದು ಯಾರಾದರೂ ಕೇಳಿದರೆ, ನನ್ನವಳೆಂದು ನೀನೇ ಹೇಳು. ಬಹಳ ದುಡಿದಿದ್ದಾಳೆ, ಕೂರಿಸಿ, ಕಾಲಿಗೊಂದು ಮಣೆ ಕೊಡು. ಅವಳ ಜೀವಕ್ಕೆ ಶಾಂತಿ ಕೊಡು.