ಹೊನ್ನೆ ಮರದ ಕಾಲು

ಅತ್ತಿಗುಪ್ಪೆಯ ಬಾಡಿಗೆ ಮನೆಯ ಮಂಚದ ಕೆಳಗೆ ಒಂದು ಹೊನ್ನೆ ತುಂಡು ಬಿದ್ದಿತ್ತು. ದೀಪಾಂಜಲಿ ನಗರದ ಕಡೆಯ ಮರದ ಮಂಡಿಯಿಂದ ರೇವಣಸಿದ್ದ ಅದನ್ನು ಸ್ಕೂಟರಿನ ಮೇಲೆ ಅಡ್ಡಡ್ಡ ಇಟ್ಟುಕೊಂಡು, ದಾರಿಯುದ್ದಕ್ಕೂ ಬೈಸಿಕೊಂಡು ತಂದಿದ್ದ. ದುಂಡನೆಯ ಹಲಗೆಯೊಂದನ್ನು ಬಡಗಿಯಿಂದ ಮೊದಲೇ ಮಾಡಿಸಿ ಗೋಡೆಗೆ ಒರಗಿಸಿಟ್ಟಿದ್ದ. ಕಾಲುಗಳನ್ನು ಮಾತ್ರ ತಾನು ಕೆಲಸಕ್ಕಿದ್ದ ಕಾರ್ಖಾನೆಯ ಹೊಸ ಮೆಷಿನ್ನಿನಲ್ಲಿ ತಾನೇ ಕೊರೆಯುತ್ತೇನೆಂದು ತಾಯಿಗೆ ಹೇಳಿದ್ದ. ಅವನ ತಂದೆ ಗಂಗಾಧರಯ್ಯನವರಿಗೆ ಮಂಡಿನೋವು, ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಉಳಿದವರೆಲ್ಲ ಕೆಳಗೆ ಕೂತು ಉಣ್ಣುವಾಗ ಅವರೊಬ್ಬರೇ ಕುರ್ಚಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂರುವ ಒಂದು ಟೇಬಲ್ ಆಗಬೇಕೆಂದು ಮಗನ ಆಸೆ. ಅಷ್ಟರಲ್ಲಿ ಅವನಿಗೆ ಜ್ವರ ಬಂತು. ವಾರ ತುಂಬುವುದರೊಳಗೆ ತೀರಿಹೋದ.

ಅವನ ಹೆಂಡತಿ ಜಗದಾಂಬಾಗೆ ಆಗ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಉಣ್ಣು ಎಂದರೆ ಉಂಡಳು, ಮಲಗು ಎಂದರೆ ಮಲಗಿದಳು. ಮಗು ಮರಿ ಇಲ್ಲದವಳು, ತವರಿಗೆ ಕಳಿಸಿಬಿಡಿ ಎಂದ ನೆಂಟರಿಗೆ ಅತ್ತೆ ಗಿರಿಜಾದೇವಿ, ಅವಳ ಮನೆ ಇದೇ, ಮನೆಯಿಂದ ಮನೆಗೆ ಹೇಗೆ ಕಳಿಸೋದು ಎಂದು ಬಾಯಿ ಮುಚ್ಚಿಸಿದ್ದರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಕಾರ್ಖಾನೆಯ ಮಾಲೀಕ ಶ್ಯಾಮಸುಂದರ ತಾವೇ ಮನೆಗೆ ಬಂದು, ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳನ್ನು ಸುಮ್ಮನೆ ಕೂರಿಸಬೇಡಿ ಎಂದು ಹೇಳಿ, ರೇವಣಸಿದ್ದನ ಜಾಗಕ್ಕೇ ಕರೆದುಕೊಂಡರು.

ಅದು ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್. ಕಟ್ಟರ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ಸಾಲುಸಾಲಾಗಿ ಅಂಕಿಗಳಲ್ಲಿ ಬರೆದು, ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಕೊಡಬೇಕು. ಆ ತೂತುಗಳನ್ನು ಓದಿಕೊಂಡು ಅದು ಕಬ್ಬಿಣ ಕೊರೆಯುತ್ತಿತ್ತು. ಅಂಕಿಗಳು ಹೇಗಿದ್ದೀಯ ಎಂದು ಕೇಳುವುದಿಲ್ಲ. ಆ ಕೆಲಸ ಜಗದಾಂಬಾಗೆ ಹಿಡಿಸಿತು.

ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಗಿರಿಜಾದೇವಿ ಮಂಚದ ಕೆಳಗೆ ಕಸ ಗುಡಿಸುತ್ತ, ಈ ಮರಕ್ಕೆ ಗೆದ್ದಲು ಹತ್ತೋ ಮುಂಚೆ ಏನಾದರೂ ಮಾಡು ಎಂದರು. ಮಾಡ್ತೀನಿ ಅತ್ತೆ ಎಂದುಬಿಟ್ಟಳು ಜಗದಾಂಬಾ. ಆಮೇಲೆ ಭಯವಾಯಿತು. ತುಂಡಿನಲ್ಲಿ ನಾಲ್ಕು ಕಾಲಾಗುವಷ್ಟೇ ಮರ. ಕೆಟ್ಟರೆ ಮಂಡಿಯಲ್ಲಿ ಬೇರೆ ಸಿಗುತ್ತಿತ್ತು, ನಿಜ. ಆದರೆ ಅದು ಅವನು ತಂದ ಮರವಲ್ಲ.

ವಾರದ ರಜೆಯ ದಿನ ಮೆಷಿನ್ ಬಳಸಲು ಮಾಲೀಕರು ಒಪ್ಪಿದರು. ಫೋರ್‌ಮನ್ ವೆಂಕಟಸ್ವಾಮಿ ಯಾರೂ ಕರೆಯದೆ ಬಂದು ನಿಂತಿದ್ದರು. ಮನೆಯಲ್ಲಿದ್ದರೆ ಹೆಂಡತಿ ರಾಗಿ ಮಿಲ್ಲಿಗೆ ಅಟ್ಟುತ್ತಾಳೆ, ಇಲ್ಲೇ ವಾಸಿ ಎಂದರು. ರೇವಣಸಿದ್ದನಿಗೆ ಈ ಮೆಷಿನ್ ಕಲಿಸಿಕೊಟ್ಟವರು ಅವರೇ.

ಕಾಲಿಗೆ ಅವಳು ಬರೆದಿದ್ದ ಆಕಾರ ಸರಳವಾಗಿತ್ತು. ಮೇಲೆ ತುಂಬಿಕೊಂಡು, ಕೆಳಗಿಳಿಯುತ್ತ ಸಣ್ಣಗಾಗಿ, ಪಾದದ ಹತ್ತಿರ ಮತ್ತೆ ಒಂದಿಷ್ಟು ಅಗಲ. ಒಂದು ಮಗ್ಗುಲು ಕೊರೆದ ಮೇಲೆ ಮಗುಚಿ ಇನ್ನೊಂದು ಮಗ್ಗುಲು. ಮೊದಲು ಮರವಿಡದೆ ಬರೀ ಗಾಳಿಯಲ್ಲಿ ಓಡಿಸಿ ನೋಡಿದರು. ಎಲ್ಲ ಸರಿಯಿತ್ತು. ವೆಂಕಟಸ್ವಾಮಿ ನಾಲ್ಕಾಗಿ ಸೀಳಿಸಿದ್ದ ಮರದಲ್ಲಿ ಮೊದಲ ತುಂಡನ್ನು ಬಿಗಿದು, ಕೊಳವೆಯ ತಿರುಪು ತಿರುಗಿಸಿ, ಹೂಂ ಎಂದರು. ಅವಳು ಗುಂಡಿ ಒತ್ತಿದಳು.

ಕಟ್ಟರ್ ಮರಕ್ಕೆ ಇಳಿಯಿತು. ಅದರ ಜೊತೆಗೇ ಕೊಳವೆಯಿಂದ ಹಾಲಿನಂಥ ಬಿಳಿ ನೀರು ಮರದ ಮೇಲೆ ಸುರಿಯತೊಡಗಿತು.

ಕಬ್ಬಿಣ ಕೊರೆಯುವಾಗ ಕಾಯದಿರಲೆಂದು ಬಿಡುವ ಎಣ್ಣೆ ಬೆರೆತ ನೀರು ಅದು. ಕಬ್ಬಿಣಕ್ಕೆ ಬರೆಯುವ ಪ್ರತಿ ಪ್ರೋಗ್ರಾಮಿನಲ್ಲೂ ಅದಕ್ಕೊಂದು ಸಾಲು ಇರುತ್ತದೆ. ಮರಕ್ಕೂ ಅವಳ ಕೈ ಅದೇ ಸಾಲನ್ನು ಬರೆದಿತ್ತು. ನೀರು ಬಿದ್ದಲ್ಲಿ ಹೊನ್ನೆ ಬಣ್ಣ ಬಿಟ್ಟು, ಹಾಲು ಚಹಾ ಆಗಿ ಹರಿಯಿತು. ಜಗದಾಂಬಾ ಗಾಬರಿಯಲ್ಲಿ ಕೆಂಪು ಗುಂಡಿ ಗುದ್ದಿದಳು. ಓಡುತ್ತಿದ್ದ ಮೆಷಿನ್ ಒಮ್ಮೆಗೇ ನಿಂತು, ಕಟ್ಟರ್ ಕುಸಿದು, ಕಾಲಿನ ಸಣ್ಣ ಭಾಗದಲ್ಲೇ ಅರ್ಧಕ್ಕರ್ಧ ಕಚ್ಚಿಕೊಂಡಿತು.

ಅವಳು ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. ವೆಂಕಟಸ್ವಾಮಿ ಬಂದು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

"ಗಾಳೀಲಿ ಓಡಿಸುವಾಗ ಹಾಲು ದಂಡ ಅಂತ ತಿರುಪು ಮುಚ್ಚಿದ್ದೆ. ಮರ ಕಟ್ಟಿದ್ಮೇಲೆ ಅದನ್ನ ತೆಗೆದೋನು ಯಾರು ಹೇಳಮ್ಮ? ನಾನೇ. ನೀನು ಬರೆದೆ, ನಾನು ಬಿಟ್ಟೆ. ಕಬ್ಬಿಣದೋರು ನಾವು. ನಡಿ, ಆ ಸಾಲು ತೆಗಿ, ಇನ್ನೂ ಮೂರಿದೆ."

ಅವಳು ಪಟ್ಟಿಗೆ ಹೊಸದಾಗಿ ತೂತು ಹೊಡೆದಳು. ಉಳಿದ ಮೂರು ಕಾಲುಗಳು ಒಣಗಿದ ಹೊಟ್ಟು ಹಾರಿಸುತ್ತ, ಒಂದರ ಹಾಗೆ ಇನ್ನೊಂದು ಬಂದವು. ವೆಂಕಟಸ್ವಾಮಿ ಉಜ್ಜುಕಾಗದದಿಂದ ಅವನ್ನು ತಿಕ್ಕಿ, ಕೆಟ್ಟದ್ದನ್ನೂ ಸೇರಿಸಿ ಗೋಣಿಚೀಲದಲ್ಲಿ ಸುತ್ತಿಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಚೀಲದಲ್ಲಿ ಏನೆಂದು ಕೇಳಿದ. ಕಾಲುಗಳು ಎಂದಳು. ಅವನು ಅವಳ ಮುಖ ನೋಡಿ, ಲಗೇಜಿನ ದುಡ್ಡು ಕೇಳದೆ ಮುಂದೆ ಹೋದ.

ಮನೆಯಲ್ಲಿ ನಾಲ್ಕನ್ನೂ ನೆಲದ ಮೇಲೆ ಸಾಲಾಗಿಟ್ಟಳು. ಮಾವ ಕಟ್ಟರ್ ಕಚ್ಚಿದ್ದ ಕಾಲನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು. ಅರಗು ತುಂಬಿದರಾಯಿತು ಎಂದವರು, ಬಗ್ಗಿಸಿ ನೋಡಿ, ಭಾರ ತಡೆಯೋಲ್ಲ ಎಂದು ಕೆಳಗಿಟ್ಟರು. ಹೊನ್ನೆಯ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ, ನನಗೆ ಬರಬೇಕಾದ ಔಷಧಿ ಮೆಷಿನ್ನೇ ಕುಡೀತು ನೋಡು ಎಂದರು. ಅವಳು ನಗಲಿಲ್ಲ.

"ಅವರು ತಂದ ಮರ ಅತ್ತೆ. ಹಾಳು ಮಾಡಿಬಿಟ್ಟೆ."

ಗಿರಿಜಾದೇವಿ ಕೆಟ್ಟ ಕಾಲನ್ನು ಪಕ್ಕಕ್ಕೆ ಸರಿಸಿದರು. ಅವರು ಚಿತ್ರದುರ್ಗದ ಕಡೆಯವರು, ಕೂಲಿಯಾಳುಗಳಿಗೆ ಹೊಲದಲ್ಲೇ ಅಡಿಗೆ ಮಾಡಿ ಬಡಿಸಿದವರು.

"ಹೊಲ್ದಾಗೆ ಒಲೆ ಹೂಡ್ಬೇಕಾದ್ರೆ ಎಷ್ಟು ಕಲ್ಲು ಇಡ್ತಾರೆ?"

"ಮೂರು."

"ಗಡಿಗೆ ಅಲ್ಲಾಡ್ತದೇನು?"

ಜಗದಾಂಬಾ ನೆಲ ನೋಡಿದಳು. ಆ ಮನೆಯ ನೆಲ ಬಚ್ಚಲಿನ ಕಡೆಗೆ ವಾಟವಾಗಿ, ಅಲ್ಲಲ್ಲಿ ಉಬ್ಬುತಗ್ಗಾಗಿತ್ತು. ಮಾವನ ಕುರ್ಚಿಯ ಒಂದು ಕಾಲಿನ ಕೆಳಗೆ ಯಾವಾಗಲೂ ಮಡಿಸಿದ ಪೇಪರ್ ಇರುತ್ತಿತ್ತು. ಮೂರು ಕಾಲಾದರೆ ಎಂಥ ನೆಲದ ಮೇಲೂ ಮೂರೂ ಊರಿಕೊಳ್ಳುತ್ತವೆ. ಅವಳಿಗೆ ಅದರ ಗಣಿತ ಗೊತ್ತಿತ್ತು. ಈಗಷ್ಟೇ ನೆನಪಾಯಿತು.

ಮುಂದಿನ ರಜೆಗೆ ವೆಂಕಟಸ್ವಾಮಿ ತೂತು ಕೊರೆಯುವ ಬೈರಿಗೆ ಹಿಡಿದು ಬಂದರು. ದುಂಡು ಹಲಗೆಗೆ ಮೂರು ಕಾಲು ಕೂರಿಸಿ, ಎರಡು ಸಲ ಕಾಫಿ ಕುಡಿದು ಹೋದರು. ಗಿರಿಜಾದೇವಿ ಟೇಬಲಿನ ಮೇಲೆ ಅಂಗೈ ಊರಿ, ಸುತ್ತಲೂ ಬಂದು ಒತ್ತಿ ನೋಡಿದರು. ಅಲ್ಲಾಡಲಿಲ್ಲ. ನಾಲ್ಕನೆಯ ಕಾಲನ್ನು ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಮಂಚದ ಕೆಳಗೆ ಮೊದಲಿನ ಜಾಗಕ್ಕೇ ತಳ್ಳಿದರು. ಸೌದೆಗೆ ಹಾಕಿ ಎಂದು ಯಾರೂ ಹೇಳಲಿಲ್ಲ.

ಆ ದಿನ ಮಧ್ಯಾಹ್ನ ಮೂವರೂ ಒಟ್ಟಿಗೆ ಕೂತರು. ಮಾವನ ತಟ್ಟೆ ತೊಡೆಯಿಂದ ಮೇಲೆ ಬಂದಿತ್ತು. ಅತ್ತೆಗೆ ಟೇಬಲ್ ಎತ್ತರವಾಯಿತು. ಇದೇನು ಗದ್ದಕ್ಕೆ ಬರ್ತದೆ ಎಂದು ಗೊಣಗುತ್ತ ಅವರು ಕುರ್ಚಿಯ ಮೇಲೇ ಚಕ್ಕಂಬಕ್ಕಲ ಹಾಕಿದರು.

ಉಣ್ಣು ಎಂದು ಯಾರೂ ಹೇಳುವ ಮೊದಲೇ ಜಗದಾಂಬಾ ರೊಟ್ಟಿ ಮುರಿದಳು. ಪಲ್ಯ ಬಿಸಿಯಾಗಿತ್ತು. ರೊಟ್ಟಿ ಮುಗಿದ ಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

"ಅತ್ತೆ, ಇನ್ನೊಂದು ರೊಟ್ಟಿ ಹಾಕಿ" ಎಂದಳು.