ಆವಲಪ್ಪನವರ ಸೋಮವಾರದ ಒಪ್ಪೊತ್ತು

ಹೊಟ್ಟೆ ತುಂಬಿದವನಿಗೆ ಉಪವಾಸದ ಮೇಲೆ ಇರುವಷ್ಟು ಪ್ರೀತಿ ಹಸಿದವನಿಗೆ ಅನ್ನದ ಮೇಲೂ ಇರುವುದಿಲ್ಲ ಎಂದು ಗಂಗುಲಮ್ಮ ಆಮೇಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಮೊದಮೊದಲು ಅವಳೂ ನಂಬಿದವಳೇ. ನಂಬಿದ್ದಕ್ಕೇ ಅವಳಿಗೆ ಅಷ್ಟು ಸಿಟ್ಟು.

ಅದು ಅರವತ್ತೈದನೇ ಇಸವಿ. ಪಾಕಿಸ್ತಾನದ ಜೊತೆಗಿನ ಯುದ್ಧ ನಿಂತಿತ್ತು, ದೇಶದಲ್ಲಿ ಕಾಳುಕಡ್ಡಿಗೆ ತತ್ವಾರವಾಗಿತ್ತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಗಳು ಜನರನ್ನು ಕೇಳಿಕೊಂಡಿದ್ದರು. ಚಿಂತಾಮಣಿಯಲ್ಲಿ ಸೋಮವಾರ ಸಂಜೆಯಾದರೆ ಹೋಟೆಲುಗಳು ಬಾಗಿಲು ಎಳೆದುಕೊಳ್ಳುತ್ತಿದ್ದವು. ಕೈವಾರದ ಬಸ್ಸಿನಲ್ಲಿ ಈ ಮಾತಿಗೆ ದಿನಾ ಜಗಳ. ಆ ಮನುಷ್ಯ ಮೊದಲು ತನ್ನ ಮನೆಯಲ್ಲೇ ಒಲೆ ಆರಿಸಿ ಆಮೇಲೆ ನಮ್ಮನ್ನು ಕೇಳಿದನಂತೆ, ದೊಡ್ಡ ಗುಣವಲ್ಲವೇ ಎಂದು ಒಬ್ಬರು. ಮೂರು ಹೊತ್ತು ಉಣ್ಣುವವರನ್ನು ಕೇಳಲಿ, ಒಂದೇ ಹೊತ್ತು ಉಣ್ಣುವವನು ಯಾವುದನ್ನು ಬಿಡಬೇಕು ಎಂದು ಇನ್ನೊಬ್ಬರು. ರೇಷನ್ನಿನ ಅಮೆರಿಕದ ಗೋಧಿ ತಿಂದು ಹೊಟ್ಟೆ ಕೆಡಿಸಿಕೊಂಡವರು ಇಬ್ಬರನ್ನೂ ಬೈಯುತ್ತಿದ್ದರು.

ಹುಣಸೇಪಲ್ಲಿಯ ಪಂಚಾಯ್ತಿ ಚೇರ್ಮನ್ ಆವಲಪ್ಪನವರು ಈ ಜಗಳಕ್ಕೆ ತಲೆ ಹಾಕಲಿಲ್ಲ. ಅವರ ಲೆಕ್ಕಾಚಾರವೇ ಬೇರೆ. ಬೆಳೆದದ್ದರಲ್ಲಿ ಇಷ್ಟು ಪಾಲು ಸರ್ಕಾರಕ್ಕೆ ಅಳೆಯಬೇಕೆಂದು ಲೆವಿ ಬಂದಿತ್ತು. ಅವರ ಹಿತ್ತಿಲ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಯಾರ ಕಣ್ಣಿಗೂ ಬೀಳದ ರಾಗಿ ಬೆಚ್ಚಗೆ ಮಲಗಿತ್ತು. ದೇಶಭಕ್ತನ ಹಿತ್ತಿಲನ್ನು ಯಾವ ಅಧಿಕಾರಿ ತಾನೆ ಅಗೆಸುತ್ತಾನೆ? ಹಾಗಾಗಿ ಆವಲಪ್ಪನವರು ಒಂದೇ ವಾರದಲ್ಲಿ ದೇಶಭಕ್ತರಾದರು. ಊರ ಮುಂದಿನ ಅರಳೀಕಟ್ಟೆಗೆ ಉದ್ದನೆಯ ಮಾವಿನ ಹಲಗೆಯೊಂದನ್ನು ಹೊಡೆಸಿ, ‘ಈ ಊರಿನಲ್ಲಿ ಸೋಮವಾರ ರಾತ್ರಿ ಒಲೆ ಉರಿಯುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದರು. ಆ ಹೊತ್ತು ಯಾರ ಸೂರಿನ ಮೇಲಾದರೂ ಹೊಗೆ ಕಂಡರೆ ಅವರ ರೇಷನ್ ಕಾರ್ಡು ರದ್ದು ಎಂದು ತಮಟೆ ಹೊಡೆಸಿ ಸಾರಿಸಿದರು. ದಿಲ್ಲಿಯವರು ಕೈ ಮುಗಿದು ಕೇಳಿದ್ದನ್ನು ಹುಣಸೇಪಲ್ಲಿಯಲ್ಲಿ ಕೋಲು ಹಿಡಿದು ಹೇಳಲಾಯಿತು.

ಗಂಗುಲಮ್ಮ ಇದೇ ಆವಲಪ್ಪನವರ ಮನೆಯಲ್ಲಿ ದುಡಿಯುವ ವಿಧವೆ. ದೂರದ ನೆಂಟಳೂ ಹೌದು. ಆ ನೆಂಟಸ್ತಿಕೆ ಆವಲಪ್ಪನವರಿಗೆ ಕೆಲಸ ಹೇಳುವಾಗ ನೆನಪಾಗುತ್ತಿತ್ತು, ಕೂಲಿ ಕೊಡುವಾಗ ಮರೆತುಹೋಗುತ್ತಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಕೊಚ್ಚಿ ಹಾಕುವುದು, ಅಡಿಗೆಮನೆಯ ಒಲೆ ನೋಡಿಕೊಳ್ಳುವುದು ಅವಳ ಕೆಲಸ. ಅದಕ್ಕೆ ಮಧ್ಯಾಹ್ನ ಅಲ್ಲೇ ಹಿಟ್ಟು, ಸಂಜೆ ಮನೆಗೆ ಒಯ್ಯಲು ಅದೇ ಹಿಟ್ಟಿನ ಎರಡು ಮುದ್ದೆ, ಒಂದು ಚೆಂಬು ಸಾರು. ಮನೆಯಲ್ಲಿ ಮಗಳು ಲಕ್ಷ್ಮಿದೇವಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು, ತುಂಬಿದ ಬಸುರಿ. ಹಗಲಿಗೆ ರೇಷನ್ ಗೋಧಿಯ ಗಂಜಿ, ರಾತ್ರಿಗೆ ಅಮ್ಮ ತರುವ ಮುದ್ದೆ. ಮಗಳ ಹೊಟ್ಟೆಗೆ ಸರಿಯಾಗಿ ಬೀಳುತ್ತಿದ್ದದ್ದು ಅದೊಂದೇ.

ಮೊದಲ ಸೋಮವಾರ ಸಂಜೆ ಬರಿಗೈಯಲ್ಲಿ ಹೊರಟಾಗ ಗಂಗುಲಮ್ಮ ತನ್ನ ಮುದ್ದೆ ಏನಾಯಿತೆಂದು ಕೇಳಿದ್ದಳು. ಆವಲಪ್ಪನವರು ಎಲೆಯಡಿಕೆ ಜಗಿಯುತ್ತ, “ನಿನ್ ಹಿಟ್ಟು ಗಡಿಗೆ ಹೋಗ್ತೈತೆ ಕಣಮ್ಮ, ಸಿಪಾಯಿಗಳ ಹೊಟ್ಟೆಗೆ” ಎಂದರು.

ಪಾಪ, ಅವಳು ಅದನ್ನು ಹಾಗೆಯೇ ತೆಗೆದುಕೊಂಡಳು. ಊರೂರಿನ ಮುದ್ದೆಗಳನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ, ಚಿಂತಾಮಣಿಯಲ್ಲಿ ಪುಟ್ಟ ರೈಲಿಗೆ ಹಾಕಿ, ಚಿಕ್ಕಬಳ್ಳಾಪುರ ದಾಟಿಸಿ, ಆಮೇಲೆ ಎಲ್ಲಿಗೋ ದೊಡ್ಡ ರೈಲಿನಲ್ಲಿ ಕಳಿಸುತ್ತಾರೆ ಎಂದುಕೊಂಡಳು. ಅಷ್ಟು ದೂರ ಹೋಗುವ ಹೊತ್ತಿಗೆ ಮುದ್ದೆ ಕಲ್ಲಾಗುವುದಿಲ್ಲವೇ ಎಂದು ಮಗಳು ಕೇಳಿದಳು. ಕಲ್ಲಾದರೆ ಶತ್ರುವಿನ ತಲೆಗೆ ಎಸೆಯುತ್ತಾರೆ ಬಿಡು ಎಂದು ತಾಯಿ. ಇಬ್ಬರೂ ನಕ್ಕು, ನೀರು ಕುಡಿದು ಮಲಗಿದರು. ಹುಟ್ಟಿದಾಗಿನಿಂದ ಇನ್ನೊಬ್ಬರ ಮುಂದೆ ಸೆರಗೊಡ್ಡಿದ ಹೆಂಗಸು ಅವಳು. ಪ್ರಧಾನಿಯೇ ತನ್ನನ್ನು ಕೇಳಿದ, ತಾನು ಕೊಟ್ಟೆ ಎಂಬ ಹಿಗ್ಗಿನಲ್ಲಿ ಆ ರಾತ್ರಿ ಹಸಿವು ಅಷ್ಟಾಗಿ ಗೊತ್ತಾಗಲಿಲ್ಲ.

ಮೂರನೆಯ ಸೋಮವಾರ ಹೊತ್ತು ಮುಳುಗುವಾಗ ಅವಳು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ರೇಷ್ಮೆ ಹುಳಕ್ಕೆ ದೇಶಭಕ್ತಿಯಿಲ್ಲ ನೋಡಿ, ಅದಕ್ಕೆ ಸೋಮವಾರವೂ ಹೊಟ್ಟೆ ತುಂಬಬೇಕು. ಆಗ ಒಳಗಿನಿಂದ ತುಪ್ಪದ ಒಗ್ಗರಣೆಯ ಘಮ ಬಂತು. ಸೋಮವಾರ ಅವಳನ್ನು ಒಲೆಯ ಹತ್ತಿರ ಕರೆಯದೆ ಹುಳದ ಮನೆಯಲ್ಲೇ ಕೂಡಿಹಾಕುತ್ತಿದ್ದದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಸೊಪ್ಪಿನ ಮಂಕರಿ ಕೆಳಗಿಟ್ಟು ನೇರ ಅಡಿಗೆಮನೆಗೆ ಹೋದಳು. ಆವಲಪ್ಪನವರ ಮುಂದೆ ಕಂಚಿನ ತಟ್ಟೆ. ತಟ್ಟೆಯಲ್ಲಿ ಗೋಪುರದಂತೆ ಉಪ್ಪಿಟ್ಟು, ಪಕ್ಕದಲ್ಲಿ ಬಾಳೆಹಣ್ಣು, ಬೆಲ್ಲ ಕಲೆಸಿದ ಅವಲಕ್ಕಿ, ಚೊಂಬು ತುಂಬ ಹಾಲು.

ಅವರ ಹೆಂಡತಿ ವೆಂಕಟರತ್ನಮ್ಮ ಕೊಂಚ ಮುಜುಗರಪಟ್ಟು, ಇದು ಊಟವಲ್ಲ, ಪಲಾರ ಎಂದು ಬಿಡಿಸಿ ಹೇಳಿದಳು. ಶನಿವಾರ ವೆಂಕಟರಮಣನಿಗೆ ಈ ಮನೆಯವರು ಒಪ್ಪೊತ್ತು ಇರುವುದು ಹೀಗೆಯೇ ಅಲ್ಲವೇ? ಮುದ್ದೆ ಅನ್ನ ಮುಟ್ಟದಿದ್ದರೆ ಒಪ್ಪೊತ್ತು ಆದಂತೆಯೇ. ದೇವರು ಒಪ್ಪಿಕೊಂಡಿದ್ದನ್ನು ಪ್ರಧಾನಿ ಒಪ್ಪದೆ ಇರುತ್ತಾರೆಯೇ? ಮೂಲೆಯಲ್ಲಿ ಮುದುಡಿ ಕೂತಿದ್ದ ಆವಲಪ್ಪನವರ ತಾಯಿ ಪೆದ್ದಮ್ಮ ಸುಮ್ಮನಿರಲಿಲ್ಲ. ಇದೇಮ್ ಒಕ್ಕಪೊದ್ದುರಾ, ಇದೆಂಥ ಒಪ್ಪೊತ್ತೋ, ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ತಿಂತೀಯಲ್ಲ ಎಂದು ಗೊಣಗಿದಳು. ಮುದುಕಿಯ ಮಾತಿಗೆ ಆ ಮನೆಯಲ್ಲಿ ಬೆಲೆ ಹೋಗಿ ಬಹಳ ವರ್ಷವಾಗಿತ್ತು.

ಗಂಗುಲಮ್ಮ ಸಿಟ್ಟು ನುಂಗಿಕೊಂಡಳು. ತನಗೇನೂ ಬೇಡ, ಬಸುರಿ ಮಗಳಿಗೆ ಒಂದು ಹಿಡಿ ಉಪ್ಪಿಟ್ಟು ಕೊಡಿಸಿ ಎಂದು ಸೆರಗೊಡ್ಡಿದಳು.

“ನಿಂಗೆ ಮಾತಾಡಿರೋದು ಹಿಟ್ಟು ಗಂಗುಲಮ್ಮ, ಪಲಾರ ಅಲ್ಲ” ಎಂದರು ಆವಲಪ್ಪನವರು. “ಇವತ್ತು ಹಿಟ್ಟು ಮಾಡಿಲ್ಲ.”

“ಹಂಗಾದ್ರೆ ಗಡಿಗೆ ಹೋಗಿದ್ದೇನು ಗೌಡ್ರೇ?”

ಆವಲಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಉಪ್ಪಿಟ್ಟು ನೆತ್ತಿಗೇರುವಷ್ಟು ನಕ್ಕರು. ಅಲ್ಲಿಗೂ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಅರಳೀಕಟ್ಟೆಯಲ್ಲಿ ಕೂತು ಅವಳ ರೈಲು, ಮುತ್ತುಗದ ಎಲೆ ಎಲ್ಲವನ್ನೂ ಅವಳಿಂದಲೇ ಕೆದಕಿ ಕೇಳಿ ಹತ್ತು ಜನರ ಮುಂದೆ ಹೇಳಿಸಿದರು. ಆವತ್ತಿನಿಂದ ಊರಿನ ಪಡ್ಡೆಗಳಿಗೆ ಅವಳು ಗಡಿಮುದ್ದೆ ಗಂಗುಲಮ್ಮ. ನೀರಿಗೆ ಹೋದರೂ ಗಡಿಮುದ್ದೆ, ಸೊಪ್ಪಿಗೆ ಹೋದರೂ ಗಡಿಮುದ್ದೆ. ಹಸಿವು ಅವಳಿಗೆ ಹೊಸದಾಗಿರಲಿಲ್ಲ. ಆದರೆ ತಾನು ಮನಸಾರೆ ಕೊಟ್ಟದ್ದು ಈ ಭಂಡನ ಕಣಜಕ್ಕೇ ವಾಪಸು ಬಿತ್ತಲ್ಲ, ಅದು ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು. ಸೋಮವಾರ ರಾತ್ರಿ ಕೂಸು ಒದೆಯುತ್ತದೆ, ಹಸಿದಿರಬೇಕು ಎಂದು ಮಗಳು ಅಂದಾಗ ಅವಳು ಗೋಡೆಯ ಕಡೆ ತಿರುಗಿ ಅತ್ತಳು.

ಹಲಗೆಯ ಸುದ್ದಿ ತಾಲ್ಲೂಕು ಕಚೇರಿ ಮುಟ್ಟಿತು. ಇಂಥ ಊರನ್ನು ಕಣ್ಣಾರೆ ನೋಡಬೇಕೆಂದು ಅಮಲ್ದಾರರು ಸೋಮವಾರ ಸಂಜೆಗೇ ಬರುವುದೆಂದಾಯಿತು. ಆವಲಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರಳೀಕಟ್ಟೆಗೆ ಮಾವಿನ ತೋರಣ, ಪೆಟ್ರೊಮ್ಯಾಕ್ಸ್ ದೀಪ. ದೊಡ್ಡವರನ್ನು ಬರಿ ಹೊಟ್ಟೆಯಲ್ಲಿ ಕಳಿಸಲಾದೀತೇ? ಕಟ್ಟೆಯ ಎದುರಿಗಿದ್ದ ಅವರ ಮನೆಯ ಹಿತ್ತಿಲಲ್ಲಿ ಮೂರು ಒಲೆ ಹೂಡಿ ಉಪ್ಪಿಟ್ಟು, ಕೇಸರಿಭಾತು, ಆಂಬೊಡೆಗೆ ಏರ್ಪಾಡಾಯಿತು. ಹೊಗೆ ಏಳಬಾರದೆಂದು ಚೆನ್ನಾಗಿ ಒಣಗಿದ ಹುಣಸೆ ಸೌದೆ ತರಿಸಿದರು. ಇಷ್ಟು ಕೆಲಸ ವೆಂಕಟರತ್ನಮ್ಮ ಒಬ್ಬಳ ಕೈಯಲ್ಲಿ ಆಗದು, ಆವತ್ತು ಒಲೆ ಕಾಯಲು ಗಂಗುಲಮ್ಮ ಬೇಕಾದಳು.

ಅವಳು ಉರಿ ಸರಿಮಾಡುತ್ತ ಕೂತಿದ್ದಳು. ಕೇಸರಿಭಾತಿನ ತುಪ್ಪ ಮೂಗಿಗೆ ಬಡಿಯುತ್ತಿತ್ತು. ಕಟ್ಟೆಯ ಮೇಲಿನ ಭಾಷಣ ಹಿತ್ತಿಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆವಲಪ್ಪನವರು ಸಿಪಾಯಿಗಳನ್ನು ಹೊಗಳಿದರು, ರೈತರನ್ನು ಹೊಗಳಿದರು, ಪ್ರಧಾನಿಗಳ ಹೆಸರು ಹೇಳುವಾಗ ಗಂಟಲು ಗದ್ಗದ ಮಾಡಿಕೊಂಡರು. ಆಮೇಲೆ ಆವೇಶ ಬಂತು.

“ಈ ಊರಾಗೆ ಸೋಮವಾರ ಯಾರ ಒಲೆ ಉರಿದ್ರೂ, ನಮ್ ಮನೇದೇ ಆಗ್ಲಿ, ಹೋಗಿ ನೀರು ಹುಯ್ರಿ. ಯಾಕೆ ಅಂತ ನಾನು ಕೇಳಿದ್ರೆ ನನ್ ಹೆಸರು ಆವಲಪ್ಪ ಅಲ್ಲ.”

ಜನ ಚಪ್ಪಾಳೆ ತಟ್ಟಿದರು. ಗಂಗುಲಮ್ಮ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು. ಆಮೇಲೆ ಎದ್ದು, ಬಚ್ಚಲ ಹಂಡೆಯಿಂದ ಕೊಡ ತುಂಬಿಕೊಂಡು ಬಂದಳು. ಮೊದಲನೆಯ ಒಲೆಗೆ ಒಂದು ಕೊಡ. ಎರಡನೆಯದಕ್ಕೆ ಒಂದು. ಉರಿಯುವ ಒಲೆಗೆ ನೀರು ಹುಯ್ಯುವುದೆಂದರೆ ಮನೆ ಹಾಳಾಗಲಿ ಎಂದ ಹಾಗೆ. ವೆಂಕಟರತ್ನಮ್ಮ ಎದೆ ಬಡಿದುಕೊಂಡು ಓಡಿ ಬರುವಷ್ಟರಲ್ಲಿ ಮೂರನೆಯದೂ ಆರಿತ್ತು. ಬೂದಿ ಹಾರಿ ಕೇಸರಿಭಾತಿನ ಮೇಲೆ ಕೂತಿತ್ತು, ಉಪ್ಪಿಟ್ಟು ಕೆಸರಾಗಿತ್ತು.

ಒಣ ಸೌದೆ ಉರಿಯುವಾಗ ಹೊಗೆ ಬರಲಿಲ್ಲ, ಆರಿದಾಗ ಬಂತು. ಬೂದು ಬಣ್ಣದ ದಟ್ಟ ಹೊಗೆ ಚೇರ್ಮನ್ನರ ಮನೆಯ ಸೂರು ದಾಟಿ ಏರಿ, ಪೆಟ್ರೊಮ್ಯಾಕ್ಸ್ ಬೆಳಕಿಗೆ ಇಡೀ ಊರಿಗೆ ಕಂಡಿತು. ಚಪ್ಪಾಳೆ ನಿಂತಿತು. ಅಮಲ್ದಾರರು ಕತ್ತೆತ್ತಿ ನೋಡಿದರು. ಸುಟ್ಟ ತುಪ್ಪದ ವಾಸನೆಗೆ ಅವರ ಮೂಗು ಅರಳಿ ಮುಖ ಬಾಡಿತು. ಅಷ್ಟರಲ್ಲಿ ಗಂಗುಲಮ್ಮ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಜನರ ನಡುವೆ ಬಂದು ನಿಂತಳು.

“ಗೌಡ್ರು ಹೇಳ್ದಂಗೆ ಹುಯ್ದು ಬಂದಿವ್ನಿ ಸ್ವಾಮಿ” ಎಂದಳು. “ಮೂರು ಒಲೆ ಉರೀತಿದ್ವು.”

ಹಿಂದೆ ಯಾರೋ ಕಿಸಕ್ಕೆಂದರು. ಮತ್ತೊಬ್ಬರು ಕೆಮ್ಮಿದ ಹಾಗೆ ಮಾಡಿದರು. ಆಮೇಲೆ ತಡೆಯಲಿಲ್ಲ, ಗಡಿಮುದ್ದೆ ಎಂದು ಕೂಗುತ್ತಿದ್ದ ಪಡ್ಡೆಗಳೇ ಮೊದಲು ನಕ್ಕು ನೆಲಕ್ಕುರುಳಿದವು. ಅಮಲ್ದಾರರು ಪಳಗಿದ ಆಸಾಮಿ. ಇಂಥ ಹೆಣ್ಣುಮಗಳು ಊರಿಗೊಬ್ಬಳಿರಬೇಕು ಎಂದು ಎರಡು ಮಾತು ಹೊಗಳಿ, ಕಾಫಿಯನ್ನೂ ಕಾಣದೆ ಜೀಪು ಹತ್ತಿದರು. ಆದರೆ ಹೊಟ್ಟೆಗೆ ಹಾಕದೆ ಕಳಿಸಿದವನನ್ನು ಅವರೂ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಗುರುವಾರ ಲೆವಿಯವರು ಗುದ್ದಲಿ ಹಿಡಿದೇ ಬಂದರು. ಹಗೇವಿನ ಬಾಯಿ ತೆರೆಯಿತು, ಗಾಡಿ ಮೇಲೆ ಗಾಡಿ ರಾಗಿ ಹೋಯಿತು. ಕೊನೆಗೂ ಹುಣಸೇಪಲ್ಲಿಯಿಂದ ದೇಶಕ್ಕೆ ಒಂದಿಷ್ಟು ಕಾಳು ಹೋಯಿತಪ್ಪ ಎಂದು ಜನ ಆಡಿಕೊಂಡರು. ಅರಳೀಕಟ್ಟೆಯ ಹಲಗೆಯನ್ನು ಆವಲಪ್ಪನವರೇ ಕಿತ್ತು ಕೊಟ್ಟಿಗೆಯ ಮೂಲೆಗೆ ಬಿಸಾಡಿದರು.

ಗಂಗುಲಮ್ಮನಿಗೆ ಹಬ್ಬವೇನೂ ಆಗಲಿಲ್ಲ. ಇನ್ನು ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದು ಆವಲಪ್ಪನವರು ಆ ಸೋಮವಾರವೇ ಅವಳನ್ನು ಓಡಿಸಿದ್ದರು. ಸೋಮವಾರ ಮಾತ್ರ ಇಲ್ಲದ ಮುದ್ದೆ ಈಗ ವಾರವೆಲ್ಲ ಇಲ್ಲ. ತಾನು ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆನಲ್ಲ, ಮಗಳ ಬಾಯಿಗೆ ಮಣ್ಣು ಹಾಕಿದೆನಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು. ಗೋಧಿ ಗಂಜಿ ಕಾಯಿಸುವಾಗ ಮಗಳ ಮುಖ ನೋಡಲಾಗಲಿಲ್ಲ.

ಅವಳನ್ನು ಉಳಿಸಿದ್ದು ದೇವರೂ ಅಲ್ಲ, ಸರ್ಕಾರವೂ ಅಲ್ಲ, ಹುಳ. ನಾಲ್ಕನೆಯ ಸಲ ಪೊರೆ ಬಿಟ್ಟು ಜ್ವರ ಎದ್ದ ರೇಷ್ಮೆ ಹುಳ ಗೂಡು ಕಟ್ಟುವ ತನಕ ಬಕಾಸುರನ ಹಾಗೆ ತಿನ್ನುತ್ತದೆ. ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೈಬಿಟ್ಟಂತೆ. ಊರಿನ ಆಳುಗಳೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದರು. ವೆಂಕಟರತ್ನಮ್ಮ ಸೊಪ್ಪು ಕೊಚ್ಚಿ ಬೆರಳು ಕೊಯ್ದುಕೊಂಡಳು. ಒಲೆಗೆ ಒಪ್ಪೊತ್ತು ಹೇಳಿದ ಆವಲಪ್ಪನವರಿಗೆ ಹುಳಕ್ಕೆ ಹೇಳುವ ಧೈರ್ಯ ಬರಲಿಲ್ಲ. ಶನಿವಾರ ಬೆಳಿಗ್ಗೆ ಅವರೇ ಗಂಗುಲಮ್ಮನ ಗುಡಿಸಲ ಮುಂದೆ ಬಂದು ನಿಂತು, ಆದದ್ದಾಯಿತು, ನೆಂಟರಲ್ಲವೇ ಎಂದು ಹಲ್ಲು ಕಿರಿದರು.

ಅವಳು ಕಸ ಗುಡಿಸುವುದನ್ನು ನಿಲ್ಲಿಸಲಿಲ್ಲ. ಬರುತ್ತೇನೆ ಎಂದಳು, ಆದರೆ ಇನ್ನು ಬೇಯಿಸಿದ ಮುದ್ದೆ ಬೇಡ. ದಿನಾ ಸಂಜೆ ರಾಗಿ ಹಿಟ್ಟು ಅಳೆದು ಮಡಿಲಿಗೆ ಹಾಕಬೇಕು, ಸೋಮವಾರವೂ ಸೇರಿ. ತಿರುವಿಕೊಳ್ಳುವುದು ತನ್ನ ಒಲೆಯಲ್ಲಿ. ಹಿಟ್ಟು ಮಾಡಿಲ್ಲ ಎಂಬ ಮಾತು ಇನ್ನೊಮ್ಮೆ ಕೇಳಲಾರೆ. ಸೌದೆಗೇನು ಮಾಡುತ್ತೀಯ ಎಂದು ಆವಲಪ್ಪನವರು ಕೊಂಕು ತೆಗೆದರು. ಕೊಟ್ಟಿಗೆಯಲ್ಲಿ ಒಂದು ಮಾವಿನ ಹಲಗೆ ಬಿದ್ದಿದೆಯಲ್ಲ, ಅದನ್ನೂ ಕೊಡಿ ಎಂದಳು. ಆವಲಪ್ಪನವರು ಮುಖ ಕೆಂಪು ಮಾಡಿಕೊಂಡು ಒಪ್ಪಿದರು. ಹುಳ ಕಾಯುವುದಿಲ್ಲವಲ್ಲ.

ಸೋಮವಾರ ಸಂಜೆ ಗಂಗುಲಮ್ಮ ಹಲಗೆಯನ್ನು ಎರಡು ತುಂಡು ಮಾಡಿ ಒಲೆಗಿಟ್ಟಳು. ಎಸರು ಮರಳಿತು. ಅವಳು ಕೋಲು ಹಿಡಿದು ಹಿಟ್ಟು ತಿರುವುತ್ತಿದ್ದಳು, ಲಕ್ಷ್ಮಿದೇವಮ್ಮ ಹೊಟ್ಟೆ ಹಿಡಿದುಕೊಂಡು ಒಲೆಯ ಪಕ್ಕ ಕೂತಿದ್ದಳು. ಮಗಳು ಮೂರನೇ ಕ್ಲಾಸಿನ ತನಕ ಓದಿದವಳು. ಬೆಂಕಿ ಇನ್ನೂ ಮುಟ್ಟದ ಕೊನೆಯ ದಪ್ಪ ಅಕ್ಷರಗಳನ್ನು ಕೂಡಿಸಿ ಕೂಡಿಸಿ ನೋಡುತ್ತಿದ್ದಳು. ಅದೇನು ಬರೆದಿದೆ ಎಂದು ತಾಯಿ ಕೇಳಿದಳು.

“ಒಲೆ ಉರಿಯುವುದಿಲ್ಲ ಅಂತ ಐತೆ ಕಣಮ್ಮ.”

ಗಂಗುಲಮ್ಮ ತುಂಡನ್ನು ಒಳಕ್ಕೆ ತಳ್ಳಿದಳು.

“ಚೆನ್ನಾಗೇ ಉರೀತೈತಲ್ಲ” ಎಂದು ಮೊದಲ ಮುದ್ದೆಯನ್ನು ಮಗಳ ತಟ್ಟೆಗೆ ಇಳಿಸಿದಳು.