ಕಾಣದ ಗ್ಯಾಸಿನ ತೂಕ

ಬೇಸಿಗೆಯ ನಡುಮಧ್ಯಾಹ್ನ ಔಷಧಿ ಅಂಗಡಿಯ ಎಸಿ ನಿಂತುಹೋಯಿತು. ಮೆಕ್ಯಾನಿಕ್ ಮಗಳೊಡನೆ ಬಂದು ಬಿಚ್ಚಿ ನೋಡಿದ. ಕಂಪ್ರೆಸರ್ ಕೆಟ್ಟಿತ್ತು. ಅದನ್ನು ಬದಲಿಸಬೇಕಾದರೆ ಮೊದಲು ಒಳಗಿನ ಗ್ಯಾಸ್ ತೆಗೆಯಬೇಕು. ಮೂವತ್ತು ವರ್ಷದಿಂದ ಅವನು ಮಾಡುತ್ತಿದ್ದುದು ಒಂದೇ: ವಾಲ್ವ್ ಸಡಿಲಿಸಿ ಬುಸ್ಸೆಂದು ಗಾಳಿಗೆ ಬಿಡುವುದು. ಈಗಲೂ ಸ್ಪ್ಯಾನರ್ ಹಾಕಿದ. ಹೊಸದಾಗಿ ತರಬೇತಿ ಮುಗಿಸಿ ಬಂದಿದ್ದ ಮಗಳು ಅವನ ಕೈ ಹಿಡಿದಳು.

“ತಡಿ ಅಪ್ಪಾ. ಗ್ಯಾಸ್ ಎಳೆಯೋ ಯಂತ್ರ ತಂದಿದೀನಿ, ಸಿಲಿಂಡರಿಗೆ ತುಂಬ್ತೀನಿ.”

“ಅದಕ್ಕೆ ಅರ್ಧ ಗಂಟೆ ಬೇಕು. ಬಣ್ಣ ಇಲ್ಲ, ಹೊಗೆ ಇಲ್ಲ. ಹೋದ್ರೆ ಯಾರಪ್ಪನ ಗಂಟು ಹೋಗುತ್ತೆ?”

“ಅಪ್ಪ ಮಗಳ ಜಗಳ ಆಮೇಲೆ ಇಟ್ಕೊಳ್ಳಿ!” ಅಂಗಡಿಯಮ್ಮ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ ಕೂಗಿದಳು. “ಮಾತ್ರೆಗಿಂತ ಮೊದಲು ನಾನೇ ಕರಗಿಹೋಗ್ತೀನಿ.”

ಮಗಳು ಕೈ ಬಿಡಲಿಲ್ಲ. “ಇದರಲ್ಲಿರೋದು ಒಂದು ಕಿಲೋ ಗ್ಯಾಸು. ಮೇಲೆ ಹೋದ್ರೆ ಭೂಮಿಯ ಶಾಖ ಹೊರಗೆ ಹೋಗದ ಹಾಗೆ ಹಿಡಿದಿಡುತ್ತೆ. ಪೆಟ್ರೋಲ್ ಸ್ಕೂಟರಲ್ಲಿ ಇಡೀ ಭೂಮಿ ಒಂದು ಸುತ್ತು ಬಂದ್ರೆ ಅದರ ಹೊಗೆಯಿಂದ ಎಷ್ಟು ಕಾವು ಏರುತ್ತೋ, ಇದರಿಂದ ಹೆಚ್ಚುಕಡಿಮೆ ಅಷ್ಟು!”

“ಇಡೀ ಭೂಮಿನಾ?” ಮೆಕ್ಯಾನಿಕ್ ತಬ್ಬಿಬ್ಬಾದ. ಆದರೂ ಪಟ್ಟು ಬಿಡಲಿಲ್ಲ. “ದೇಶ ದೇಶಗಳೇ ಹೊಗೆ ಉಗುಳ್ತಿರುವಾಗ ನನ್ನೊಬ್ಬನಿಂದ ಏನಾಗುತ್ತೆ? ಸರ್ಕಾರ ಮಾಡ್ಲಿ.”

“ಮಾಡಲೇಬೇಕು. ಊರೂರಲ್ಲಿ ಹಳೇ ಗ್ಯಾಸ್ ತಗೊಳ್ಳೋ ಕೇಂದ್ರ ತೆರೀಬೇಕು, ಎಲ್ಲ ಮೆಕ್ಯಾನಿಕ್‌ಗಳಿಗೂ ಯಂತ್ರ ಸಿಗೋ ಹಾಗೆ ಮಾಡಬೇಕು. ಬೆನ್ನು ಬಿಡದೆ ಕೇಳೋಣ. ಆದ್ರೆ ಈಗ ವಾಲ್ವಿನ ಮೇಲಿರೋದು ನಿನ್ ಕೈ.” ಅವಳು ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಹೋದ ಬೇಸಿಗೆ ಧಗೆಗೆ ಅಮ್ಮ ಹೋದ್ಲು. ಇದನ್ನೂ ಗಾಳಿಗೆ ಬಿಟ್ರೆ, ನಾಳೆಯಿಂದ ನಿನ್ ಜೊತೆ ಕೆಲಸಕ್ಕೆ ಬರಲ್ಲ ಅಪ್ಪಾ.”

ಅವನಿಗೆ ಉಳಿದಿದ್ದವಳು ಅವಳೊಬ್ಬಳೇ. ಸ್ಪ್ಯಾನರ್ ಕೆಳಗಿಟ್ಟ.

ಮಗಳು ಖಾಲಿ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದಳು; ಕೊಳವೆ ಜೋಡಿಸಿ ಗ್ಯಾಸ್ ಎಳೆಯುವ ಯಂತ್ರ ಚಾಲೂ ಮಾಡಿದಳು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಅಂಕಿ ಏರತೊಡಗಿತು. ನೂರು ಗ್ರಾಂ. ಐನೂರು. ಅಂಗಡಿಯಮ್ಮ ಸೆಖೆಯನ್ನೇ ಮರೆತು ಬಗ್ಗಿ ನೋಡಿದಳು. ಒಂದು ಕಿಲೋದ ಹತ್ತಿರ ಬಂದು ಅಂಕಿ ನಿಂತಿತು.

ಮೆಕ್ಯಾನಿಕ್ ಸಿಲಿಂಡರನ್ನು ಹಸುಗೂಸಿನಂತೆ ತೋಳಿಗೆತ್ತಿಕೊಂಡು ಬಾಗಿಲಿಗೆ ಬಂದ. ತಲೆಯೆತ್ತಿದರೆ ಆಕಾಶ, ಎತ್ತ ನೋಡಿದರೂ ಆಕಾಶ. ತನ್ನ ಕೈ ಅಲ್ಲಿಯವರೆಗೆ ಮುಟ್ಟುತ್ತಿತ್ತೆಂದು ಅವನಿಗೆ ಈವರೆಗೆ ತಿಳಿದೇ ಇರಲಿಲ್ಲ.

“ದೇವರೇ,” ಎಂದ, “ಇಷ್ಟು ಸಣ್ಣ ಕೈಗೆ ಇಷ್ಟು ದೊಡ್ಡದನ್ನ ಒಪ್ಪಿಸಿದೀಯಾ?” ಆಮೇಲೆ ಮಗಳತ್ತ ತಿರುಗಿದ. “ಇನ್ನು ಗಾಳಿಗೆ ಬಿಡಲ್ಲ ಕಣಮ್ಮಾ. ನಮ್ಮ ಮೆಕ್ಯಾನಿಕ್ ಸಂಘದಲ್ಲಿ ಎಲ್ಲರ ಮುಂದೆ ತೂಗಿ ತೋರಿಸ್ತೀನಿ. ಕೇಂದ್ರ ಬೇಕು ಅಂತ ಕೊಡೋ ಅರ್ಜಿಗೆ ಮೊದಲ ರುಜು ನಂದೇ.”

“ರುಜು ಹಾಕೋ ಮೊದಲು ನನ್ನ ಎಸಿ ರಿಪೇರಿ ಮಾಡು ಪುಣ್ಯಾತ್ಮಾ!” ಎಂದಳು ಅಂಗಡಿಯಮ್ಮ.

ಬಂಧುಗಳೇ, ನಿಮ್ಮ ಎಸಿ, ಫ್ರಿಜ್ ಬಿಚ್ಚುವ ದಿನ ಪಕ್ಕದಲ್ಲಿ ನಿಂತು ಕೇಳಿರಿ: ಗ್ಯಾಸನ್ನು ಸಿಲಿಂಡರಿಗೆ ತುಂಬುತ್ತೀರಾ? ಅರ್ಧ ಗಂಟೆ ತಡವಾದರೆ ಕಾಯಿರಿ. ವೋಟು ಕೇಳಲು ಬಂದವರನ್ನೂ ಕೇಳಿರಿ: ಭೂಮಿಯ ಕಾವು ತಗ್ಗಿಸಲು ದೇಶ ಏನು ಮಾಡುತ್ತಿದೆ? ಈ ಗಾಳಿಯನ್ನು ಮಾಡಿದವರು ನಾವಲ್ಲ. ದೇವರು ನಂಬಿ ನಮ್ಮ ವಶಕ್ಕೆ ಕೊಟ್ಟಿದ್ದಾನೆ. ಆ ನಂಬಿಕೆಯನ್ನು ಉಳಿಸಿಕೊಳ್ಳೋಣ.